ಅಪ್ಪನ ಎಡಗೈಗೆ ಮುಂಬೈ ಸಾಕ್ಷಿ

ನಮ್ಮ ಅಪ್ಪ ಶರಣನಾದದ್ದು ಒಂದು ಸೋಮವಾರ ಮುಂಜಾನೆ ಎಂಟರ ಸುಮಾರಿಗೆ. ಅದಕ್ಕೆ ಮೊದಲು ಅವನು ಇಳಕಲ್ಲಿನ ನೂರಾರು ನೇಕಾರರಲ್ಲಿ ಒಬ್ಬ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ, ಸಾರಿಗೆ ಉಪ್ಪು ಕಡಿಮೆಯಾದರೆ ಅವ್ವನ ಮೇಲೆ ರೇಗುತ್ತಿದ್ದ, ಊಟವಾದ ಮೇಲೆ ಪಡಸಾಲೆಯಲ್ಲಿ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಶರಣನಾಗುವ ಲಕ್ಷಣ ಒಂದೂ ಇರಲಿಲ್ಲ. ಆ ಸೋಮವಾರ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆಗೆ ಕೂತ. ನಮ್ಮಲ್ಲಿ ದಿನಾ ನಡೆಯುವ ಪೂಜೆ ಅದು, ಅದಕ್ಕೆ ಗುಡಿ ಬೇಕಿಲ್ಲ, ಎಡ ಅಂಗೈ ಸಾಕು. ಆ ದಿನ ಅಂಗೈ ನಡುಗತೊಡಗಿತು.

ನೋಡಿದವನು ಕಾಕಾ, ಅಪ್ಪನ ತಮ್ಮ. ಕಾಕಾ ತನ್ನ ಜೀವಮಾನದಲ್ಲಿ ಯಾವ ಕೆಲಸವನ್ನೂ ಮುಂಜಾನೆ ಹಿಡಿದು ಸಂಜೆಗೆ ಮುಗಿಸಿದವನಲ್ಲ. ಆದರೆ ಸುದ್ದಿ ಮುಟ್ಟಿಸುವುದರಲ್ಲಿ ಅಂಚೆ ಇಲಾಖೆಯವರು ಅವನ ಹತ್ತಿರ ಬಂದು ಕಲಿತುಕೊಂಡು ಹೋಗಬಹುದಿತ್ತು.

"ಅಣ್ಣಾ, ನಿನ್ನ ಕೈಯಾಗ ಶಿವ ಆಡಾಕ ಹತ್ತ್ಯಾನ," ಅಂದನಂತೆ.

"ಸುಮ್ನ ಕುಂದ್ರಲೇ," ಅಂದನಂತೆ ಅಪ್ಪ.

ಕಾಕಾ ಸುಮ್ಮನೆ ಕೂರಲಿಲ್ಲ. ಮುಂದಿನ ಸೋಮವಾರ ಐದು ಜನ ಬಂದರು, ಅದರ ಮುಂದಿನ ಸೋಮವಾರ ಪಡಸಾಲೆ ತುಂಬಿತು. ಜನ ಬಂದು, ಕೂತು, ಅಪ್ಪನ ಕೈಯನ್ನೇ ನೋಡಿ, "ಶರಣ್ರಿ ಅಪ್ಪಾರ" ಎಂದು ಅಡ್ಡಬಿದ್ದು ಹೋಗುತ್ತಿದ್ದರು. ಅವರ ಹತ್ತಿರ ಪುರಾವೆಯೂ ಇತ್ತು. ಅಪ್ಪ ಮಗ್ಗಕ್ಕೆ ಕೂತರೆ ಅದೇ ಎಡಗೈ ಗಟ್ಟಿಯಾಗಿ ಇರುತ್ತಿತ್ತು. ಲಾಳಿ ಹಿಡಿದಾಗ ನಡುಕವಿಲ್ಲ, ರೊಟ್ಟಿ ಮುರಿಯುವಾಗ ನಡುಕವಿಲ್ಲ, ಲಿಂಗ ಹಿಡಿದು ಕೂತಾಗ ಮಾತ್ರ ನಡುಕ. ಇದು ಭಕ್ತಿಯಲ್ಲದೆ ಮತ್ತೇನು? ಕೆರೂರಿನಿಂದ ಬಂದ ಒಬ್ಬ ತನ್ನ ಎಮ್ಮೆ ಕಳೆದಿದೆ, ಕೈ ಯಾವ ದಿಕ್ಕಿಗೆ ಜಾಸ್ತಿ ನಡುಗುತ್ತದೆ ನೋಡಿ ಹೇಳಬೇಕು ಎಂದು ಕೇಳಿಕೊಂಡ. ಬಾದಾಮಿ ಕಡೆ ಎಂದು ಅಪ್ಪನ ಪರವಾಗಿ ಕಾಕಾನೇ ತೀರ್ಪು ಕೊಟ್ಟ. ಎಮ್ಮೆ ಚೊಳಚಗುಡ್ಡದಲ್ಲಿ ಸಿಕ್ಕಿತು. ಅದನ್ನು ಆತ ಕೊಂಡುಕೊಂಡದ್ದೇ ಚೊಳಚಗುಡ್ಡದವರಿಂದ, ಅದು ತನ್ನ ಹಳೆಯ ಕೊಟ್ಟಿಗೆಗೆ ತಾನೇ ನಡೆದುಕೊಂಡು ಹೋಗಿತ್ತು. ಈ ಸಂಗತಿಗೆ ಮಾತ್ರ ಕಾಕಾ ಪ್ರಚಾರ ಕೊಡಲಿಲ್ಲ.

ನಾನು ಆಗ ಹುನಗುಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಂಬತ್ತರ ದಶಕದ ನಡುಭಾಗ. ಅಲ್ಲೇ ಒಂದು ಖೋಲಿ ಹಿಡಿದು, ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಕಪ್ಪೆಯ ಹೊಟ್ಟೆ ಸೀಳಿ ಹುಡುಗಿಯರಿಗೆ ಕರುಳು ತೋರಿಸುವವಳು ನಾನು. ಊರಿನವರ ಈ ಸಂಭ್ರಮ ಕಂಡು ನನಗೆ ಎಷ್ಟು ನಗು, ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಎರಡರಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಎರಡನ್ನೂ ಕಾಕಾನ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಅವ್ವನಿಗೆ ನಗುವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಒಂದು ಶನಿವಾರ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನಿಮ್ಮಪ್ಪ ಉಣ್ಣೂದು ಬಿಟ್ಟಾನ ಬೇ. ಪೂಜಿ ಮುಗಿಯುತನಕ ಬಾಯಾಗ ನೀರು ಹಾಕೂದಿಲ್ಲ, ನಿನಗ ಗೊತ್ತೈತಿ. ಮೊದಲ ಅರ್ಧ ತಾಸಿನಾಗ ಏಳತಿದ್ದ. ಈಗ ಹನ್ನೆರಡು ಆದ್ರೂ ಏಳೂದಿಲ್ಲ. ಕೈ ನಿಂತ ಮ್ಯಾಲ ಪೂಜಿ ಮುಗಸ್ತೇನಿ ಅಂತಾನ. ಅದು ಎಲ್ಲಿ ನಿಲ್ಲತೈತಿ?"

ಅಪ್ಪನಿಗೆ ಒಂದು ಭಯವಿತ್ತು. ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಆಮೇಲೆ ಉಣ್ಣುವ ಹಕ್ಕಿಲ್ಲ ಎಂದು ಅವನ ಅಜ್ಜ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದ. ಹಾಗಾಗಿ ಜನ ಯಾವ ನಡುಕಕ್ಕೆ ಕೈ ಮುಗಿಯುತ್ತಿದ್ದರೋ ಆ ನಡುಕಕ್ಕೆ ಅಪ್ಪ ಹೆದರಿ ಸಾಯುತ್ತಿದ್ದ. ಎದುರಿಗೆ ಅಷ್ಟು ಜನ ಕೂತಿರುವಾಗ ಅದನ್ನು ಹೇಳುವುದು ಯಾರಿಗೆ? ಅವನ ಅಂಗಿ ಹೆಗಲ ಮೇಲೆ ಸಡಿಲಾಗಿತ್ತು, ಗಲ್ಲ ಒಳಗೆ ಹೋಗಿತ್ತು. ಮುಖ ತೇಜಸ್ಸಿನಿಂದ ಕೂಡಿದೆ ಎಂದು ಕಾಕಾ ಹೇಳುತ್ತಿದ್ದ.

ನಾನು ಅಪ್ಪನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಕಾಕಾ ಕರೆಯದೇ ಬಂದ. ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದು ಡಾಕ್ಟರರಿಗೆಂದು ಒಂದು ಪೊಟ್ಟಣ ಕರದಂಟು ತಂದ, ಬಾಗಲಕೋಟೆ ಮುಟ್ಟುವಷ್ಟರಲ್ಲಿ ಅರ್ಧ ತಾನೇ ತಿಂದ.

ಡಾಕ್ಟರು ಮೈಸೂರಿನ ಕಡೆಯವರು, ಸಣ್ಣ ವಯಸ್ಸು. ಅವರು ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದಂತೆ ಇರುತ್ತಿತ್ತು, ಹಾಗಾಗಿ ಅಪ್ಪ ಕೈಕಟ್ಟಿ ಕೂತು ಕೇಳಿದ. ಅವರು ಮೊದಲು ಅಪ್ಪನನ್ನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದರು. ಬೆರಳುಗಳನ್ನು ಬೇಗ ಬೇಗ ಕೂಡಿಸಿ ಬಿಡಿಸಲು ಹೇಳಿದರು. ಕಾಗದ ಕೊಟ್ಟು ಊರಿನ ಹೆಸರನ್ನು ಹತ್ತು ಸಲ ಬರೆಸಿದರು. ಇಳಕಲ್ಲು ಮೊದಲ ಸಾಲಿನಲ್ಲಿ ದೊಡ್ಡದಾಗಿತ್ತು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಇರುವೆಯಷ್ಟಾಗಿತ್ತು.

"ನಿಮ್ಮ ತಂದೆಯವರು ನಡೆಯುವಾಗ ಎಡಗೈ ಬೀಸುವುದೇ ಇಲ್ಲ, ಗಮನಿಸಿದ್ದೀರಾ?" ಎಂದು ಕೇಳಿದರು.

ಗಮನಿಸಿರಲಿಲ್ಲ. ಕಪ್ಪೆ ನಡೆದರೆ ಬಹುಶಃ ಗಮನಿಸುತ್ತಿದ್ದೆ.

ಅವರು ಪಾರ್ಕಿನ್ಸನ್ ಎಂಬ ಕಾಯಿಲೆಯ ಹೆಸರು ಹೇಳಿದರು. ಮಿದುಳಿನ ಒಂದು ಸಣ್ಣ ಭಾಗ ಸೊರಗಿ ಬರುವಂಥದ್ದು, ಚಲನೆ ಕೆಡುತ್ತದೆ, ಗುಳಿಗೆ ಇದೆ ಅಂದರು. ಆದರೆ ಹಿಂದಿನ ವರ್ಷ ಅಪ್ಪ ಮಗ್ಗದ ಕುಣಿಯಿಂದ ಮೇಲೆ ಬರುವಾಗ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ, ನೀರು ತುಂಬಿದ್ದರೆ, ಗಡ್ಡೆ ಇದ್ದರೆ ಕೂಡ ಕೆಲವೊಮ್ಮೆ ಹೀಗೇ ಆಗುತ್ತದಂತೆ. ಅದಕ್ಕೆ ಆಪರೇಷನ್ ಬೇಕು. ಅದನ್ನು ನೋಡಲು ಸಿಟಿ ಸ್ಕ್ಯಾನ್ ಎಂಬ ಹೊಸ ಯಂತ್ರ ಬಂದಿದೆ, ಮುಂಬೈಗೆ ಹೋಗಿ ಎಂದು ಚೀಟಿ ಬರೆದರು. ಬರೆದು ಪೆನ್ನು ಮುಚ್ಚಿ, ನನ್ನನ್ನೇ ನೋಡುತ್ತ ಹೇಳಿದರು:

"ಚಿತ್ರದಲ್ಲಿ ಏನೂ ಕಾಣದಿದ್ದರೆ ಸಂತೋಷಪಡಿ. ಆದರೆ ಕಾಯಿಲೆಯೇ ಇಲ್ಲ ಎಂದುಕೊಳ್ಳಬೇಡಿ. ಚಿತ್ರ ತೆಗೆದುಕೊಂಡು ಮತ್ತೆ ನನ್ನ ಹತ್ತಿರ ಬನ್ನಿ."

ನಾನು ತಲೆಯಾಡಿಸಿದೆ. ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯರು ಎಲ್ಲ ತಿಳಿಯಿತು ಎಂದು ತಲೆಯಾಡಿಸುವುದೂ ಇದೇ ರೀತಿಯಲ್ಲಿ.

ದೀಪಾವಳಿ ರಜೆಯಲ್ಲಿ ಅಪ್ಪ, ಕಾಕಾ, ನಾನು ಮೂವರೂ ಬಾಗಲಕೋಟೆಯಿಂದ ಸೊಲ್ಲಾಪುರದ ತನಕ ಮೀಟರ್ ಗೇಜಿನ ಸಣ್ಣ ರೈಲಿನಲ್ಲಿ, ಅಲ್ಲಿಂದ ದೊಡ್ಡ ರೈಲಿನಲ್ಲಿ ಮುಂಬೈಗೆ ಹೋದೆವು. ಯಂತ್ರ ಇದ್ದ ಖೋಲಿ ತಣ್ಣಗೆ ಹಿಮದ ಹಾಗಿತ್ತು. ಯಂತ್ರ ನಡೆಸುವವನು ಕೊರಳಲ್ಲಿದ್ದದ್ದನ್ನು ತೆಗೆದಿಡಿ ಎಂದು ಹಿಂದಿಯಲ್ಲಿ ಹೇಳಿದ. ಅಪ್ಪ ಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲ ಅಂದ. ಬೆಳ್ಳಿ ಅಡ್ಡ ಬಂದರೆ ಚಿತ್ರ ಕೆಡುತ್ತದೆ ಅಂದ ಅವನು. ಕೆಡಲಿ ಅಂದ ಅಪ್ಪ. ಇವರ ಮಧ್ಯೆ ಭಾಷಾಂತರಕ್ಕೆ ನಿಂತ ಕಾಕಾ ತನಗೆ ಬರುವ ಹಿಂದಿಯಲ್ಲಿ ಲಿಂಗಾಯತ ಧರ್ಮದ ಇತಿಹಾಸವನ್ನು ಮೊದಲಿನಿಂದ ಆರಂಭಿಸಿದ. ಹೊರಗೆ ಪಾಳಿ ಹಚ್ಚಿದ ಹತ್ತಾರು ಜನ ಇದ್ದರು. ಆ ಮನುಷ್ಯ ತಲೆ ಚಚ್ಚಿಕೊಂಡು, ಕೊರಳು ಬಿಟ್ಟು ಬೇರೆ ಎಲ್ಲಿಯಾದರೂ ಕಟ್ಟಿಕೊಳ್ಳಲಿ ಎಂದ. ನಾನು ಕರಡಿಗೆಯ ದಾರ ಬಿಚ್ಚಿ ಅಪ್ಪನಿಗೇ ಹಿಡಿಯಲು ಹೇಳಿ, ಅದನ್ನು ಅವನ ಬಲಗೈ ರಟ್ಟೆಗೆ ಬಿಗಿದೆ. ದೊಡ್ಡ ಬಳೆಯಂಥ ಯಂತ್ರದೊಳಗೆ ಅಪ್ಪನ ತಲೆ ಹೋಯಿತು. ಅಲುಗಾಡಬಾರದು ಎಂದು ಹೇಳಿದ್ದರು. ತಲೆ ಅಲುಗಾಡಲಿಲ್ಲ. ಎಡಗೈ ಮಾತ್ರ ಮಂಚದ ಅಂಚಿನಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು, ಅಲ್ಲಿ ಅದಕ್ಕೆ ಅಡ್ಡಬೀಳುವವರು ಯಾರೂ ಇರಲಿಲ್ಲ.

ಸಂಜೆಗೆ ದೊಡ್ಡದೊಂದು ಕಪ್ಪು ಹಾಳೆ ಕೊಟ್ಟರು. ಉಳ್ಳಾಗಡ್ಡಿ ಹೆಚ್ಚಿ ಸಾಲಾಗಿ ಇಟ್ಟ ಹಾಗೆ ಅಪ್ಪನ ತಲೆ ಹೋಳು ಹೋಳಾಗಿ ಕಾಣುತ್ತಿತ್ತು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು. ಹೆಪ್ಪಿಲ್ಲ, ನೀರಿಲ್ಲ, ಗಡ್ಡೆಯಿಲ್ಲ, ಎಲ್ಲ ಸರಿಯಾಗಿದೆ.

ನಾವು ಇಳಕಲ್ಲಿಗೆ ಮರಳಿದ ದಿನ ಕಾಕಾ ಆ ಹಾಳೆಯನ್ನು ಪಡಸಾಲೆಯ ಕಿಟಕಿಗೆ ಬೆಳಕು ಬೀಳುವ ಹಾಗೆ ಸಿಕ್ಕಿಸಿದ. ಬಂದವರೆಲ್ಲ ಅಪ್ಪನ ಕೈ ನೋಡುವ ಮೊದಲು ಅಪ್ಪನ ತಲೆ ನೋಡಬೇಕಾಯಿತು. "ಇದು ತಲಿ ಫೋಟೋ ನೋಡ್ರಿ. ಮುಂಬೈದಾಗ ತಗಸೇವಿ. ಒಳಗ ಏನೂ ಇಲ್ಲ," ಎಂದು ಕಾಕಾ ಬೆರಳಿಟ್ಟು ತೋರಿಸುತ್ತಿದ್ದ. ಅಣ್ಣನ ತಲೆಯಲ್ಲಿ ಏನೂ ಇಲ್ಲ ಎಂದು ಊರೆಲ್ಲ ಸಾರುವುದು ಹೊಗಳಿಕೆಯಾಗಿದ್ದು ಇಳಕಲ್ಲಿನ ಚರಿತ್ರೆಯಲ್ಲಿ ಅದೇ ಮೊದಲು. ರೋಗವಲ್ಲ ಎಂದು ಯಂತ್ರವೇ ಹೇಳಿದ ಮೇಲೆ ಇನ್ನು ಸಂಶಯಕ್ಕೆ ಜಾಗವೆಲ್ಲಿ? ಯಾರೋ ಹಾಳೆಗೆ ಮೂರು ಬೆರಳು ವಿಭೂತಿ ಎಳೆದರು. ಮರುದಿನ ಅದಕ್ಕೆ ಹೂವೂ ಬಂತು. ಬಾಗಲಕೋಟೆಯ ಡಾಕ್ಟರರ ಹತ್ತಿರ ಮತ್ತೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ನಾನೂ ಎತ್ತಲಿಲ್ಲ. ಇಲ್ಲಿಯವರೆಗೆ ಊರಿನವರನ್ನು ಆಡಿಕೊಂಡು ಬಂದೆನಲ್ಲ, ಈಗ ನನ್ನ ಸರದಿ. ಊರಿನವರು ಆ ಹಾಳೆ ನೋಡಿ ಅಪ್ಪ ಶರಣ ಎಂದು ತಿಳಿದರು. ನಾನು ವಿಜ್ಞಾನ ಓದಿದವಳು, ಅದೇ ಹಾಳೆ ನೋಡಿ ಅಪ್ಪ ನಾಟಕ ಮಾಡುತ್ತಿದ್ದಾನೆ ಎಂದು ತಿಳಿದೆ. ಮಗ್ಗದಲ್ಲಿ ನಡುಗುವುದಿಲ್ಲ, ಜನರ ಮುಂದೆ ನಡುಗುತ್ತದೆ, ತಲೆಯೊಳಗೆ ಎಲ್ಲ ಸರಿಯಿದೆ. ಇದಕ್ಕಿಂತ ಚೊಕ್ಕ ಲೆಕ್ಕ ಇನ್ನೇನಿದೆ? ಮುಂಬೈಯಲ್ಲಿ ಅಡ್ಡಬೀಳುವವರಿಲ್ಲದೆಯೂ ಕೈ ನಡುಗಿದ್ದನ್ನು ನಾನು ಆ ಲೆಕ್ಕಕ್ಕೆ ಸೇರಿಸಲೇ ಇಲ್ಲ.

ಆ ಭಾನುವಾರ ಹುನಗುಂದಕ್ಕೆ ಹೊರಡುವಾಗ ಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಿಂತು ಹೇಳಿದೆ:

"ಅಪ್ಪಾ, ಮಂದಿ ಕಾಲಿಗೆ ಬೀಳೂದು ನಿನಗೂ ರುಚಿ ಹತ್ತೇತಿ. ಅದಕ್ಕ ಕೈ ನಡಗತೈತಿ. ಅವ್ವನ ಹೊಟ್ಟಿ ಉರಿಸೂದು ಬಿಟ್ಟು ಹೊತ್ತಿಗೆ ಸರಿ ಉಣ್ಣು."

ಅಪ್ಪ ಮುಖ ಎತ್ತಿ ನೋಡಿದ. ಆ ಮುಖದಲ್ಲಿ ಆಗ ಭಾವನೆಗಳೇ ಕಾಣುತ್ತಿರಲಿಲ್ಲ, ಅದೂ ಕಾಯಿಲೆಯ ಗುರುತೇ ಎಂದು ನನಗೆ ಆಮೇಲೆ ತಿಳಿಯಿತು. ಆ ದಿನ ನನಗೆ ಅದು ನಾಚಿಕೆಯಿಲ್ಲದ ಮುಖ ಎನಿಸಿತು.

"ಆತು," ಎಂದಷ್ಟೇ ಅಂದ. ಬಸ್ಸಿನಲ್ಲಿ ಕೂತು, ಹೇಳಬೇಕಾದ್ದನ್ನು ಹೇಳಿದೆ ಎಂದು ನನಗೆ ನಾನೇ ಶಭಾಷ್‌ಗಿರಿ ಕೊಟ್ಟುಕೊಂಡೆ.

ಪರೀಕ್ಷೆಗಳು ಬಂದವು, ಎರಡು ತಿಂಗಳು ಊರ ಕಡೆ ಹೋಗಲಿಲ್ಲ. ಪರೀಕ್ಷೆ ಅನ್ನುವುದು ನೆಪ. ಸಿಟ್ಟು ಇತ್ತು. ಕೊನೆಗೆ ಒಂದು ಸೋಮವಾರ ಸ್ಥಳೀಯ ರಜೆ ಬಂತು, ಮುಂಜಾನೆಯ ಬಸ್ಸಿಗೆ ಹೋದೆ. ಪಡಸಾಲೆ ಎಂದಿನಂತೆ ತುಂಬಿತ್ತು. ಅಪ್ಪ ಕಣ್ಣು ಮುಚ್ಚಿ ಕೂತಿದ್ದ, ಮೈಮೇಲೆ ಶಾಲು. ಅವನು ಇಷ್ಟು ಸಣ್ಣವನಾಗಿದ್ದಾನೆಂದು ಅವ್ವ ಕಾಗದದಲ್ಲಿ ಬರೆಸಿರಲಿಲ್ಲ. ಅಂಗೈ ಅವತ್ತೂ ನಡುಗುತ್ತಿತ್ತು, ಆದರೆ ನಡುಕ ಏನೋ ಬೇರೆಯಾಗಿತ್ತು. ಬೆರಳು ಮಾತ್ರ ಕುಣಿಯುತ್ತಿದ್ದವು, ಮಣಿಕಟ್ಟು ಮೇಲೇಳುತ್ತಿರಲಿಲ್ಲ. ನಾನು ಹಿಂದಿನಿಂದ ಹೋಗಿ ಅವನ ಪಕ್ಕ ಕೂತೆ. ಶಾಲಿನ ಅಂಚು ಸರಿದಿತ್ತು. ಸೀರೆಯ ಅಂಚಿನಿಂದ ಹರಿದ ಪಟ್ಟಿಯಲ್ಲಿ ಅಪ್ಪ ತನ್ನ ಎಡ ಮಣಿಕಟ್ಟನ್ನು ತೊಡೆಗೆ ಬಿಗಿದು ಕಟ್ಟಿಕೊಂಡಿದ್ದ. ಪಟ್ಟಿ ಕೂತ ಜಾಗದಲ್ಲಿ ಚರ್ಮ ಕಿತ್ತು ಕೆಂಪಾಗಿತ್ತು. ಎದುರಿಗೆ ಕೂತವರಿಗೆ ಅದು ಕಾಣುವಂತಿರಲಿಲ್ಲ.

ನಾಟಕ ಮಾಡುವವನು ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳುವುದಿಲ್ಲ. ಇಷ್ಟು ಸಣ್ಣ ಮಾತು ತಿಳಿಯಲು ನನಗೆ ಬಿ.ಎಸ್ಸಿ. ಸಾಕಾಗಲಿಲ್ಲ, ಒಂದು ಅರಿವೆಯ ಪಟ್ಟಿ ಬೇಕಾಯಿತು. ನಾನು ಎದ್ದು, ಇವತ್ತಿಗೆ ಸಾಕು, ಎಲ್ಲರೂ ಹೋಗಿಬರ್ರಿ ಎಂದೆ. ಕಾಕಾ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಮುಚ್ಚಿದ. ಕಾಕಾ ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜನ ಹೋದ ಮೇಲೆ ಅಪ್ಪ ಲಿಂಗವನ್ನು ಕರಡಿಗೆಯಲ್ಲಿಟ್ಟ. ನಾನು ಗಂಟು ಬಿಚ್ಚಿದೆ.

"ಯಾಕ ಹಿಂಗ ಮಾಡಿಕೊಂಡೀಯಪ್ಪಾ?"

"ಫೋಟೋದಾಗ ಏನೂ ಬರಲಿಲ್ಲಲ್ಲವಾ," ಅಂದ ಅಪ್ಪ. ಅವನ ದನಿಯೂ ಸಣ್ಣಗಾಗಿತ್ತು. "ತಲ್ಯಾಗ ರೋಗ ಇಲ್ಲ ಅಂದ್ರ ಮತ್ತ ಯಾರು ನಡಗಸ್ತಾರ? ನಾನ ನಡಗಸಬೇಕು. ನೀನೂ ಹಂಗ ಅಂದಿ. ನೀ ಓದಿದಾಕಿ. ನಾ ಮನಸಿನಾಗ ಭಾಳ ಹುಡುಕಿದೆ, ಎಲ್ಲಿ ಕುಂತು ನಾನ ನಡಗಸಾಕ ಹತ್ತೇನಿ ಅಂತ. ಸಿಗಲಿಲ್ಲ. ಅದಕ್ಕ ಕಟ್ಟಿದೆ."

ನನ್ನ ಮೇಲೆ ನನಗೆ ಹೇಸಿಕೆಯಾಯಿತು. ಕಾಲಿಗೆ ಬಿದ್ದ ಜನ ಅವನನ್ನು ದೇವರಿಗೆ ಹತ್ತಿರ ಮಾಡಿದ್ದರು, ತಪ್ಪೋ ಸರಿಯೋ ಪ್ರೀತಿಯಿಂದ ಮಾಡಿದ್ದರು. ಅವನನ್ನು ಸುಳ್ಳನನ್ನಾಗಿ ಮಾಡಿದವಳು ನಾನು ಒಬ್ಬಳೇ.

ಮರುದಿನ ಶಾಲೆಗೆ ರಜೆ ಹಾಕಿ, ಕಿಟಕಿಯಿಂದ ಹಾಳೆ ಕಿತ್ತು, ವಿಭೂತಿ ಒರೆಸಿ ಬಾಗಲಕೋಟೆಗೆ ಹೋದೆವು. ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಒಳ್ಳೆಯದು, ಆಪರೇಷನ್ ಬೇಕಿಲ್ಲ," ಅಂದರು. ಆಮೇಲೆ ಇದನ್ನು ತೆಗೆಸಿದ್ದು ಯಾವಾಗ ಎಂದು ದಿನಾಂಕ ನೋಡಿದರು. ಆಮೇಲೆ ಅಪ್ಪನ ಮಣಿಕಟ್ಟು ನೋಡಿದರು. ನಾನು ನಡೆದದ್ದೆಲ್ಲ ಹೇಳಿದೆ, ನಾನು ಅಂದ ಮಾತನ್ನೂ ಹೇಳಿದೆ. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯನ್ನು ಅಪ್ಪನ ಕಡೆ ಎಳೆದುಕೊಂಡು ಕೂತರು.

"ನೋಡಿ ಯಜಮಾನರೇ, ಲಾಟೀನಿನ ಫೋಟೋ ತೆಗೆದರೆ ಗಾಜು ಒಡೆದಿದೆಯೋ ಇಲ್ಲವೋ ಕಾಣುತ್ತದೆ. ಒಳಗೆ ಎಣ್ಣೆ ಮುಗಿಯುತ್ತಾ ಬಂದಿದೆ ಎಂದು ಕಾಣುವುದಿಲ್ಲ. ನಿಮ್ಮ ತಲೆಯ ಗಾಜು ಚೆನ್ನಾಗಿದೆ. ಎಣ್ಣೆ ಕಡಿಮೆಯಾಗಿದೆ. ಕೈ ಸುಮ್ಮನಿದ್ದಾಗ ನಡುಗುವುದು, ಕೆಲಸಕ್ಕೆ ಹಚ್ಚಿದರೆ ನಿಲ್ಲುವುದು, ಇದು ಈ ಕಾಯಿಲೆಯದೇ ಗುಣ. ನೀವು ನಡುಗಿಸುತ್ತಿಲ್ಲ."

"ನಾ ನಡಗಸಾಕ ಹತ್ತಿಲ್ಲರಿ?" ಎಂದು ಕೇಳಿದ ಅಪ್ಪ.

"ಇಲ್ಲ."

"ಇದನ್ನ ನನ್ನ ಮಗಳಿಗೆ ಇನ್ನೊಮ್ಮೆ ಹೇಳ್ರಿ," ಅಂದ.

ಡಾಕ್ಟರು ನನ್ನ ಕಡೆ ತಿರುಗಿ, ವಾರ್ತೆ ಓದುವ ಆ ಕನ್ನಡದಲ್ಲೇ, ಇನ್ನೊಮ್ಮೆ ಹೇಳಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಗುಳಿಗೆ ಶುರುವಾಯಿತು. ಮೊದಲ ವಾರ ವಾಂತಿ, ತಲೆಸುತ್ತು. ದೇವರ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಶಿಕ್ಷೆ ಎಂದು ಕಾಕಾ ಓಣಿಯಲ್ಲಿ ಹೇಳಿಕೊಂಡು ಬಂದ. ಮೂರನೆಯ ವಾರದ ಹೊತ್ತಿಗೆ ನಡುಕ ತಗ್ಗತೊಡಗಿತು, ಅದರ ಜೊತೆಗೆ ಜನವೂ ತಗ್ಗಿದರು. ಗಟ್ಟಿಯಾಗಿ ನಿಂತ ಕೈಯನ್ನು ನೋಡಲು ಕೆರೂರಿನಿಂದ ಯಾರು ಬರುತ್ತಾರೆ? ಶಕ್ತಿ ಹೊರಟುಹೋಯಿತು ಎಂದು ಕೆಲವರು ಮರುಗಿದರು. ಓದಿದ ಮಗಳು ಕೆಡಿಸಿದಳು ಎಂದು ಉಳಿದವರು ಅಂದರು, ಅದರಲ್ಲಿ ಅರ್ಧ ಖರೆಯಿತ್ತು. ಈ ಗುಳಿಗೆ ಕಾಯಿಲೆಯನ್ನು ಓಡಿಸುವುದಿಲ್ಲ, ಕೆಲವು ವರ್ಷ ತಡೆದು ಹಿಡಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪನಿಗೆ ಅಷ್ಟು ಸಾಕಾಗಿತ್ತು.

ಒಂದು ಭಾನುವಾರ ಮುಂಜಾನೆ ನಾನು ಅಡುಗೆಮನೆಯಲ್ಲಿ ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಪಡಸಾಲೆಯಿಂದ ನನ್ನನ್ನು ಕರೆದ. ಹೋಗಿ ನೋಡಿದರೆ ಅವನೊಬ್ಬನೇ ಇದ್ದ. ಸ್ನಾನವಾಗಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಇಲ್ಲಿ ನನ್ನ ಎದುರಿಗೆ ಕುಂದ್ರು," ಅಂದ.

ಕೂತೆ. ಅವನು ಕರಡಿಗೆ ತೆರೆದು, ಲಿಂಗವನ್ನು ತೆಗೆದು, ಎಡ ಅಂಗೈ ಮೇಲಿಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದ. ಪೂಜೆಯಲ್ಲಿ ಅವನ ದೃಷ್ಟಿ ಯಾವತ್ತೂ ಲಿಂಗದ ಮೇಲೆ ಇರುತ್ತಿತ್ತು. ಆ ದಿನ ಅವನು ಲಿಂಗವನ್ನು ನೋಡಲೇ ಇಲ್ಲ, ನನ್ನನ್ನು ನೋಡುತ್ತಿದ್ದ. ಕೈ ಅಲುಗಲಿಲ್ಲ. ಅಡುಗೆಮನೆಯಲ್ಲಿ ಅವ್ವ ಒಂದು ರೊಟ್ಟಿ ಬಡಿದು ಮುಗಿಸಿ ಇನ್ನೊಂದನ್ನು ಹಿಡಿದದ್ದು ಕೇಳಿಸಿತು. ಅಷ್ಟು ಹೊತ್ತು ಅವನು ಹಾಗೇ ಹಿಡಿದಿದ್ದ.

"ಈಗ ನಂಬ್ತೀ?" ಎಂದು ಕೇಳಿದ.

ನಾನು ಹೂಂ ಎಂದೆ. ಅಪ್ಪ ಕಣ್ಣನ್ನು ಅಂಗೈಗೆ ಇಳಿಸಿ ಪೂಜೆ ಶುರುಮಾಡಿದ.